ಹದಿನಾಲ್ಕನೇ ಫೋಟೊ

(ತುಮಕೂರಿನ ಒಂದು ಫ್ಲೆಕ್ಸ್ ಅಂಗಡಿ. ಕಂಪ್ಯೂಟರ್ ಮುಂದೆ ಸವಿತಾ. ಪಕ್ಕದ ಸ್ಟೂಲಿನಲ್ಲಿ ಹೋಬಳಿ ಮುಖಂಡ ನಂಜಪ್ಪ. ಗಂಜಿ ಹಾಕಿದ ಬಿಳಿ ಅಂಗಿ. ಪಕ್ಷ ಯಾವುದು ಅನ್ನೋದು ಬೇಡ, ಅವರೇ ಆಗಾಗ ಮರೆಯುತ್ತಾರೆ.)

ನಂಜಪ್ಪ: ನನ್ ಫೋಟೊ ಇನ್ನೊಂಚೂರು ಮೇಲಕ್ಕೆ ತಗೋಳಮ್ಮ.

ಸವಿತಾ: ಮೇಲೆ ಜಾಗ ಎಲ್ಲಿದೆ ಅಣ್ಣಾ? ಡೆಲ್ಲಿಯವ್ರು, ರಾಜ್ಯದವ್ರು, ಜಿಲ್ಲೆಯವ್ರು, ತಾಲ್ಲೂಕಿನವ್ರು, ಆಮೇಲೆ ನೀವು. ಒಂದು ಫ್ಲೆಕ್ಸಿಗೇ ಇಷ್ಟು ಕಿತ್ತಾಟ. ಎಲೆಕ್ಷನ್ನೇ ಹೀಗಾದ್ರೆ ಏನ್ ಮಾಡ್ತೀರ?

ನಂಜಪ್ಪ: ಹೀಗೆ ಅಂದ್ರೆ?

ಸವಿತಾ: ಪ್ರಮಾಣಾನುಗುಣ ಪ್ರಾತಿನಿಧ್ಯ. ಪಕ್ಷ ಮೊದಲೇ ಹೆಸರುಗಳ ಪಟ್ಟಿ ಕೊಡುತ್ತೆ, ಜನ ಪಕ್ಷಕ್ಕೆ ವೋಟ್ ಹಾಕ್ತಾರೆ. ಎಷ್ಟು ಪಾಲು ವೋಟೋ ಅಷ್ಟು ಪಾಲು ಸೀಟು, ಪಟ್ಟಿಯ ಮೇಲಿಂದ ಎಣಿಸ್ಕೊಂಡು ಬರೋದು.

ನಂಜಪ್ಪ: ಈಗಿರೋದಕ್ಕೆ ಏನಾಗಿದೆ? 2004ರಲ್ಲಿ ಸಂತೇಮರಹಳ್ಳಿಲಿ ಒಂದೇ ಒಂದು ವೋಟಲ್ಲಿ ಇತ್ಯರ್ಥ ಆಯ್ತು. ಗೆದ್ದೋನು ಗೆದ್ದ.

ಸವಿತಾ: ಸೋತೋರಿಗೆ ಬಿದ್ದ ನಲವತ್ತು ಸಾವಿರ ವೋಟು?

ನಂಜಪ್ಪ: ಸತ್ತೆಮ್ಮೆ ಹಾಲು ಯಾರಾದ್ರೂ ಅಳೀತಾರಾ?

ಸವಿತಾ: 2024ರ ಲೋಕಸಭೆ ನೋಡಿ. ನಮ್ಮ 28ರಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9. ವೋಟು? ಅವ್ರಿಗೆ ಶೇ 46, ಇವ್ರಿಗೆ ಶೇ 45.

ನಂಜಪ್ಪ: ಓಹೋ, ನೀನು ಕಾಂಗ್ರೆಸ್ಸಾ?

ಸವಿತಾ: 1984ರಲ್ಲಿ ದೇಶದಲ್ಲಿ ಬಿಜೆಪಿಗೆ ಶೇ 7ರ ಮೇಲೆ ವೋಟು ಬಂತು. ಸೀಟು ಎರಡೇ.

ನಂಜಪ್ಪ: ಹಾಗಾದ್ರೆ ಬಿಜೆಪಿ!

ಸವಿತಾ: 2014ರಲ್ಲಿ ಬಿಎಸ್‌ಪಿಗೆ ಶೇ 4, ಸೀಟು ಸೊನ್ನೆ.

ನಂಜಪ್ಪ: ಆನೆ ಪಕ್ಷನಾ?! ಈ ಅಂಗಡೀಲಿ ಫ್ಲೆಕ್ಸ್ ಮಾಡಿಸೋದೇ ಅಪಾಯ.

ಸವಿತಾ: ನನ್ನದು ಚದರಡಿ ಲೆಕ್ಕದ ಪಕ್ಷ ಅಣ್ಣಾ. ಎಲ್ಲರಿಗೂ ಒಂದೇ ರೇಟು. ರಾಜ್ಯನೇ ಒಂದು ಕ್ಷೇತ್ರ ಅಂತ ಲೆಕ್ಕ ಹಾಕಿದ್ರೆ 2024ರಲ್ಲಿ ಬಿಜೆಪಿಗೂ ಕಾಂಗ್ರೆಸ್ಸಿಗೂ ತಲಾ 13, ಜೆಡಿಎಸ್‌ಗೆ 2.

ನಂಜಪ್ಪ: ಸರಿ, ನಮ್ಮೂರ ಮೋರಿ ಕಟ್ಕೊಂಡ್ರೆ ಆ ಹದಿಮೂರರಲ್ಲಿ ಯಾರ ಮನೆ ಬಾಗ್ಲು ತಟ್ಲಿ?

ಸವಿತಾ: ಮೋರಿಗೆ ಎಂಪಿನಾ? ಹೋಗ್ಲಿ, ಅದಕ್ಕೂ ದಾರಿ ಇದೆ. ಜರ್ಮನಿಲಿ ಒಬ್ಬೊಬ್ಬರಿಗೆ ಎರಡೆರಡು ವೋಟು. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ.

ನಂಜಪ್ಪ: ಎರಡು ವೋಟಾ? ಖರ್ಚೂ ಡಬಲ್ಲೇ!

ಸವಿತಾ: ನಮ್ಮಲ್ಲೂ 1999ರಲ್ಲೇ ಕಾನೂನು ಆಯೋಗ ಹೇಳಿತ್ತು, ಲೋಕಸಭೆಗೆ ಇನ್ನೂ ಕಾಲು ಪಾಲು ಸೀಟು ಸೇರಿಸಿ, ಅವನ್ನ ಪಟ್ಟಿಯಿಂದ ತುಂಬಿಸಿ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ನಂಜಪ್ಪ: (ದನಿ ತಗ್ಗಿಸಿ) ಆ ಪಟ್ಟಿ ಬರೆಯೋರು ಯಾರು?

ಸವಿತಾ: ಪಕ್ಷದೋರು.

ನಂಜಪ್ಪ: ಪಕ್ಷದೋರು ಅಂದ್ರೆ... ಈ ಮೇಲಿನ ಸಾಲಿನೋರು?

ಸವಿತಾ: ಅವ್ರೇ. ಕ್ಷೇತ್ರ ಸುತ್ತೋ ಕೆಲಸ ಕಮ್ಮಿ, ಹೈಕಮಾಂಡ್ ಸುತ್ತೋ ಕೆಲಸ ಜಾಸ್ತಿ. ಪಟ್ಟೀಲಿ ಅವ್ರ ಮಗ ಮೂರನೇವ್ನು, ಅಳಿಯ ನಾಲ್ಕನೇವ್ನು.

ನಂಜಪ್ಪ: ನಾನು?

ಸವಿತಾ: ಈ ಫ್ಲೆಕ್ಸ್ ಪ್ರಕಾರ... (ಬೆರಳಿಟ್ಟು ಎಣಿಸಿ) ಹದಿನಾಲ್ಕು.

ನಂಜಪ್ಪ: ಥೂ! ಬರೋದು ಹದಿಮೂರು, ನಾನು ಹದಿನಾಲ್ಕು! ಈ ಪದ್ಧತಿ ದೇಶಕ್ಕೆ ಮಾರಕ ಕಣಮ್ಮ.

ಸವಿತಾ: ಪೂರ್ತಿ ಕೇಳಿ. ಪಟ್ಟಿ ಪದ್ಧತಿ ಇರೋ ಎಷ್ಟೋ ದೇಶಗಳಲ್ಲಿ ಉಪಚುನಾವಣೆನೇ ಇಲ್ಲ. ಗೆದ್ದೋರು ರಾಜೀನಾಮೆ ಕೊಟ್ರೆ, ಇಲ್ಲಾ ಹೋಗ್ಬಿಟ್ರೆ, ಪಟ್ಟೀಲಿ ಮುಂದಿನೋರು ಸೀದಾ ಒಳಗೆ.

ನಂಜಪ್ಪ: (ಸ್ಟೂಲನ್ನು ಹತ್ತಿರಕ್ಕೆ ಎಳೆದು) ಹದಿಮೂರನೇ ಫೋಟೊ ಯಾರ್ದು?

ಸವಿತಾ: ನಿಮ್ಮ ತಾಲ್ಲೂಕು ಅಧ್ಯಕ್ಷರದ್ದು. ಪಾಪ, ಶುಗರ್ ಅಂತೆ, ಮುನ್ನೂರು ದಾಟಿದೆಯಂತೆ.

ನಂಜಪ್ಪ: ಛೆ, ಒಳ್ಳೇ ಮನುಷ್ಯರು. ಒಂದ್ ಕೆಲ್ಸ ಮಾಡಮ್ಮ, ಅವ್ರಿಗೆ ಶುಭಾಶಯ ಅಂತ ಬೇರೆ ಫ್ಲೆಕ್ಸ್ ಹಾಕು. ದುಡ್ಡು ನಂದು. ಹಾಗೇ ಆ ಹುಡುಗನ್ನ ಓಡಿಸು, ಎರಡು ಕೆಜಿ ಮೈಸೂರ್ ಪಾಕ್ ತರ್ಲಿ. ತುಪ್ಪದ್ದು. ನಾನೇ ಮನೆಗೆ ಹೋಗಿ ಕೊಟ್ಟು ಬರ್ತೀನಿ.