ಮೀನು ಸಿಕ್ಕೀತೆಂಬ ಭಯ

ಹಿಂಗಾರಿ ಸುಗ್ಗಿ ಮುಗಿದು ಕಡಲೆ, ಜೋಳ ಮನೆ ಸೇರಿದ ಮೇಲೆ, ಮುಂಗಾರಿ ಬೀಜದ ಚೀಲ ಲಾರಿಯಿಂದ ಇಳಿಯುವ ಮೊದಲು, ಗದಗ-ಬೆಟಗೇರಿಯ ಬೀಜ-ಗೊಬ್ಬರದ ಅಂಗಡಿಗಳಲ್ಲಿ ನೊಣ ಹೊಡೆಯುವ ಕಾಲ ಬರುತ್ತದೆ. ಶಿವರಾತ್ರಿ ದಾಟಿರುತ್ತದೆ, ಯುಗಾದಿ ಹತ್ತಿರವಿರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹಳೇ ಉದ್ರಿ ಪುಸ್ತಕ ತಿರುವುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಗಾಳದ ಸಾವಕಾರರು ವರ್ಷಕ್ಕೊಮ್ಮೆ ಚಿಗುರುವುದು ಈ ದಿನಗಳಲ್ಲೇ.

ಹೆಸರು ಬೇಡ. ಇಂಥವರು ಲಕ್ಷ್ಮೇಶ್ವರದಲ್ಲಿ ಒಬ್ಬರು, ಶಿರಹಟ್ಟಿಯಲ್ಲಿ ಒಬ್ಬರು ಸಿಗುತ್ತಾರೆ. ಮುಂಡರಗಿಯಲ್ಲಿ ಇಬ್ಬರಿದ್ದಾರೆ, ಕೆರೆಯ ದಂಡೆಯಲ್ಲಿ ಎದುರಾದರೆ ಪರಸ್ಪರ ಗುರುತೇ ಇಲ್ಲದವರಂತೆ ಸರಿದು ಹೋಗುತ್ತಾರೆ. ನಾನು ಹೇಳುತ್ತಿರುವುದು ಬೆಟಗೇರಿಯ ಮಾದರಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಶ್ರಾವಣ ಬಂತೆಂದರೆ ಉಳ್ಳಾಗಡ್ಡಿಗೂ ಹೊಸ್ತಿಲು ದಾಟಲು ಅಪ್ಪಣೆ ಇಲ್ಲದ ಮನೆ. ಆ ಮನೆಯ ಅಟ್ಟದಲ್ಲಿ, ಹಳೆಯ ತೊಟ್ಟಿಲ ಹಿಂದೆ, ಒಂದು ಉದ್ದನೆಯ ಚೀಲವಿದೆ. ಕೇಳಿದವರಿಗೆ ಅದು ಮೊಮ್ಮಗನ ಕ್ರಿಕೆಟ್ ಸಾಮಾನು. ಮೊಮ್ಮಗ ಇರುವುದು ಅಮೆರಿಕದಲ್ಲಿ, ಕ್ರಿಕೆಟ್ ಆಡುವುದಿಲ್ಲ ಎಂಬುದನ್ನು ಇದುವರೆಗೆ ಯಾರೂ ಎತ್ತಿ ಆಡಿಲ್ಲ.

ರೋಗ ಅಂಟಿದ್ದೂ ಅಲ್ಲಿಯೇ. ಸೊಸೆಯ ಬಾಣಂತನಕ್ಕೆಂದು ಹೆಂಡತಿಯ ಜೊತೆ ಜಾರ್ಜಿಯಾ ರಾಜ್ಯಕ್ಕೆ ಹೋಗಿದ್ದರು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಬೆಳಗಾಗೆದ್ದು ಕಸದ ಡಬ್ಬಿ ಹೊರಗಿಡುವುದು, ಸಂಜೆ ಒಳಗಿಡುವುದು. ಇದನ್ನು ನೋಡಿ ಮರುಗಿದ ಪಕ್ಕದ ಮನೆಯ ಮುದುಕ ಒಂದು ದಿನ ಇವರನ್ನು ಕಾರಿನಲ್ಲಿ ಹಾಕಿಕೊಂಡು ಕೆರೆಗೆ ಹೋದ. ಅದು ವಸಂತದ ಹೊತ್ತು. ಚಳಿ ಕಳೆದು ನೀರು ಹದಿನೈದು-ಹದಿನೆಂಟು ಡಿಗ್ರಿಗೆ ಬಂತೆಂದರೆ ಅಲ್ಲಿಯ ದೊಡ್ಡ ಬಾಯಿಯ ಬಾಸ್ ಮೀನು ಆಳ ಬಿಟ್ಟು ದಂಡೆಗೆ ಬರುತ್ತದೆ. ಗಂಡು ಮೀನು ಬಾಲದಿಂದ ನೆಲ ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ, ಗಂಡು ಕಾವಲು ನಿಲ್ಲುತ್ತದೆ. ಗಂಡು ಬಾಣಂತನ ಮಾಡುವ ಈ ಸಂಸಾರವನ್ನು ಕೇಳಿದಾಗ ಕಸದ ಡಬ್ಬಿಯ ಸಾವಕಾರರಿಗೆ ಕರುಳು ಚುರುಕ್ ಎಂದಿರಬೇಕು. ಮುದುಕ ಹೊರಡುವಾಗ ಒಂದು ಹಳೆಯ ಗಾಳದ ಕೋಲು ಉಡುಗೊರೆ ಕೊಟ್ಟ. ಅದು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿ ಬೆಟಗೇರಿಗೆ ಬಂತು.

ಕೋಲಿನ ಜೊತೆ ಪುರಾಣವೂ ಬಂತು. ಅದೇ ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತ ಹುಡುಗ ಇಪ್ಪತ್ತೆರಡು ಪೌಂಡು ನಾಲ್ಕು ಔನ್ಸಿನ ಬಾಸ್ ಹಿಡಿದ. ಅದು ಇಂದಿಗೂ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದರ ಸಮಕ್ಕೆ ಬಂದು ನಿಂತಿದೆ. ಈ ಕಥೆಯನ್ನು ಸಾವಕಾರರು ಯೂರಿಯಾ ಕೊಳ್ಳಲು ಬಂದ ಲಕ್ಕುಂಡಿಯ ರೈತನಿಗೂ ಹೇಳುತ್ತಾರೆ. ಆದರೆ ಪೆರ್ರಿಯ ಮನೆಯವರು ಆ ಮೀನನ್ನು ಅಡಿಗೆ ಮಾಡಿ ತಿಂದರು ಎಂಬಲ್ಲಿಗೆ ಬಂದಾಗ ಅವರಿಗೆ ಕೆಮ್ಮು ಬರುತ್ತದೆ, ನೀರು ಕುಡಿಯುತ್ತಾರೆ, ಕಥೆ ಜಪಾನಿಗೆ ಹಾರುತ್ತದೆ. ನಮ್ಮವರೇನು ಕಡಿಮೆ ಎಂದು ಯಾರಾದರೂ ಕೆಣಕಿದರೆ 1946ರ ಮಾರ್ಚಿನಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಹೊರಬರುತ್ತದೆ. "ಡಿಎಪಿ ಚೀಲಕ್ಕಿಂತ ಭಾರ ಆತ್ರೀ ಅದು!" ಎನ್ನುವಾಗ ಅವರ ಕಣ್ಣು ತುಂಬುತ್ತವೆ. ಚೀಲ ಐವತ್ತು ಕಿಲೋ ಎಂಬುದು ಕೇಳುವವನಿಗೂ ಗೊತ್ತು.

ಇವರೆಲ್ಲರಿಗಿಂತ ಸಾವಕಾರರು ಪೂಜಿಸುವುದು ರೇ ಸ್ಕಾಟನನ್ನು. 1972ರಲ್ಲಿ ಅಮೆರಿಕದ ಬಾಸ್ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡುವ ಪದ್ಧತಿ ತಂದ ಮನುಷ್ಯ. "ಅಲ್ಲಿನೂ ಒಬ್ಬ ಶರಣ ಆಗಿಹೋಗ್ಯಾನ್ರಿ" ಎಂದು ಕೈ ಮುಗಿಯುತ್ತಾರೆ. ಇಡೀ ಹವ್ಯಾಸಕ್ಕೆ ಈ ಒಂದೇ ಊರುಗೋಲು. ಹಿಡಿದರೆ ಪಾಪ, ಬಿಟ್ಟರೆ ಪುಣ್ಯ, ಲೆಕ್ಕ ಸಮ.

ಬಾಸ್ ನಮ್ಮ ಕೆರೆಗಳಲ್ಲಿ ಇಲ್ಲ. ಮಳೆಗಾಲದಲ್ಲಿ ಮರಿ ಬಿಟ್ಟು ಬೇಸಿಗೆಯಲ್ಲಿ ಬಲೆ ಎಳೆಯುವ ಕಟ್ಲಾ, ರೋಹು, ಮೃಗಾಲ್, ಗೆಂಡೆಗಳಿವೆ. ಆದರೆ ಬಾಸಿನ ಗುಣ ಇರುವುದು ಕೊರಮೀನಿಗೆ. ಅದೂ ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ, ಕಪ್ಪೆ ಕಂಡರೆ ಎಗರುತ್ತದೆ, ಮರಿಗಳನ್ನು ಕಾಯುತ್ತದೆ. ಮೇಲೆ ಬಂದು ಗಾಳಿ ನುಂಗಿ ಉಸಿರಾಡುವ ಮೀನಾದ್ದರಿಂದ ಕೆರೆ ಬತ್ತಿ ಕೆಸರಾದರೂ ಅದಕ್ಕೆ ಗಾಬರಿಯಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ ಬೀಳುವ ಜಿಲ್ಲೆಗೆ ಹೇಳಿ ಮಾಡಿಸಿದ ಮೀನು.

ಅದನ್ನು ಹಿಡಿಯಲು ಎರೆಹುಳ ಬೇಕು, ಇಲ್ಲವೆ ಜೀವಂತ ಮರಿಗಪ್ಪೆ. "ಎರಿಹುಳ ರೈತನ ಮಿತ್ರ ಅಂತ ಅಂಗಡಿ ಮುಂದ ಬೋರ್ಡ್ ಹಾಕೀನಿ. ಅದಕ್ಕ ಕೊಕ್ಕಿ ಚುಚ್ಚಲೇನು?" ಎಂಬುದು ಸಾವಕಾರರ ಪ್ರಶ್ನೆ. ಹೀಗಾಗಿ ಆನ್‌ಲೈನಿನಲ್ಲಿ ಹಸಿರು ರಬ್ಬರ್ ಕಪ್ಪೆ ತರಿಸಿದ್ದಾರೆ. ಅದು ಪೂರ್ತಿ ಸಸ್ಯಾಹಾರಿ. ಅದರ ಕೊಕ್ಕೆಯ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದಾರೆ. ಮೀನಿಗೆ ನೋವಾಗಬಾರದೆಂದು ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಮುಳ್ಳಿಲ್ಲದ ಕೊಕ್ಕೆಯಿಂದ ಮೀನು ಸುಲಭವಾಗಿ ಜಾರುತ್ತದೆ. ಸಾವಕಾರರಿಗೆ ಬೇಕಾದದ್ದು ಅದೇ. ದಾರ ಜಗ್ಗಿತೆಂದರೆ ಲೋಕದ ಗಾಳಗಾರರ ಮುಖ ಅರಳುತ್ತದೆ, ಇವರ ಮುಖ ಬಿಳಿಚುತ್ತದೆ. ಮೀನು ಸಿಕ್ಕರೆ ಮುಟ್ಟಬೇಕು. ಮುಟ್ಟಿದರೆ ಕೈ ನಾರುತ್ತದೆ. ಕೈ ನಾರಿದರೆ ಮನೆಯಲ್ಲಿ ಕೋರ್ಟು ಕೂಡುತ್ತದೆ.

ಊರಲ್ಲೇ ಭೀಷ್ಮ ಕೆರೆ ಇರುವಾಗ ಹೊರಗೆ ಯಾಕೆ ಅಲೆಯಬೇಕು ಎಂದು ಕೇಳಿದ್ದೆ. "ಅಷ್ಟ ಎತ್ತರ ಬಸವಣ್ಣ ನಿಂತಾನ, ಅವನ ಕಾಲಬುಡಕ ಗಾಳ ಬೀಸಲೇನು? ಮ್ಯಾಲಿಂದ ಅವಾ ನೋಡತಾನೋ ಇಲ್ಲೋ, ಕೆಳಗಿಂದ ನಮ್ಮ ಬೀಗರು ನೋಡತಾರ. ದಿನಾ ವಾಕಿಂಗ್ ಅಲ್ಲೇ" ಎಂದರು. ಆದ್ದರಿಂದ ಪ್ರತಿ ತಾಲೂಕಿಗೂ ಒಂದು ನೆಪ ಉಂಟು. ಲಕ್ಷ್ಮೇಶ್ವರಕ್ಕೆ ಹೋದರೆ ಉದ್ರಿ ವಸೂಲಿ, ಶಿರಹಟ್ಟಿಗೆ ಹೋದರೆ ಫಕೀರೇಶ್ವರ ಮಠ. ಡಂಬಳದ ಕೆರೆಗೆ ಹೋಗುವ ದಿನ ದೊಡ್ಡಬಸಪ್ಪನ ದರ್ಶನ. ಒಮ್ಮೆ ಮನೆಯಲ್ಲಿ ಸಂಶಯ ಬಂದು, ಗುಡಿ ಹೇಗಿತ್ತೆಂದು ಕೇಳಿದರಂತೆ. "ನಕ್ಷತ್ರದ ಆಕಾರ, ಇಪ್ಪತ್ನಾಕು ಮೂಲಿ, ಚಾಲುಕ್ಯರದು" ಎಂದು ಮೊಬೈಲಿನಲ್ಲಿ ಓದಿಕೊಂಡದ್ದನ್ನು ಒಪ್ಪಿಸಿ ಪಾರಾದರು. ಇತಿಹಾಸದ ಮೇಷ್ಟ್ರುಗಳು ಹುಡುಗರಿಗೆ ಎಷ್ಟು ಬಡಿದರೂ ಕಲಿಸಲಾಗದ್ದನ್ನು ಒಂದು ಸುಳ್ಳು ಕಲಿಸಿತು.

ಮಾಗಡಿ ಕೆರೆಗೆ ಮಾತ್ರ ಚೀಲ ಒಯ್ಯುವುದಿಲ್ಲ. ಅದು ಪಕ್ಷಿಗಳಿಗೆ ಮೀಸಲಾದ ಕೆರೆ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕೋಲು ತೆಗೆಯುವ ಧೈರ್ಯ ಇವರಿಗಿಲ್ಲ. ಗಾಳದ ಹಂಗಾಮು ಶುರುವಾಗುವ ಮುನ್ನ, ಚಳಿಗಾಲದಲ್ಲಿ, ಅಲ್ಲಿಗೆ ಹೋಗಿ ಬರುವುದು ಒಂದು ಬಗೆಯ ಯಾತ್ರೆ. ಹಿಮಾಲಯದ ಆಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ನೀರಲ್ಲಿ ಕೂತಿರುತ್ತವೆ. "ನೋಡ್ರಿ, ಇಷ್ಟ ದೂರದಿಂದ ಬಂದು ಕೆರ್‍ಯಾಗ ಕೂಡತಾವ, ಒಂದು ಮೀನ ಮುಟ್ಟಂಗಿಲ್ಲ. ರಾತ್ರಿ ಹೊಲಕ್ಕ ಹೋಗಿ ಕಾಳುಕಡಿ ತಿಂದು ಬರತಾವ. ಪಕ್ಕಾ ನಮ್ಮ ಪೈಕಿ!" ಬೆಳೆ ಮೇಯ್ದವೆಂದು ಸುತ್ತಲಿನ ರೈತರು ಗೊಣಗಿದರೆ ಸಾವಕಾರರು ಹಕ್ಕಿಗಳ ಪರ ವಕಾಲತ್ತು ಹಿಡಿಯುತ್ತಾರೆ. ಮೇಯ್ದ ಹೊಲಕ್ಕೆ ಮತ್ತೆ ಬೀಜ ಬೇಕಾಗುತ್ತದೆ, ಬೀಜ ಎಲ್ಲಿಂದ ಬರಬೇಕು ಎಂಬುದು ಬೇರೆ ಮಾತು. ಮಾರ್ಚಿಗೆ ಹೆಬ್ಬಾತುಗಳು ಉತ್ತರಕ್ಕೆ ಹೊರಟವೆಂದರೆ ಅಟ್ಟದ ಚೀಲ ಕೆಳಗಿಳಿಯುತ್ತದೆ.

ಜೊತೆಗಾರ ಒಬ್ಬರಿದ್ದಾರೆ, ಶಿರಹಟ್ಟಿಯ ನಿವೃತ್ತ ಡ್ರಾಯಿಂಗ್ ಮಾಸ್ತರರು. ಮೀನು ತಿನ್ನುವ ಮನೆತನ. ಇವರ ಹವ್ಯಾಸ ಗಾಳವಲ್ಲ, ನಿರೀಕ್ಷೆ. ಸಾವಕಾರರು ಹೊರಟ ದಿನ ಮಾಸ್ತರರ ಮನೆಯಲ್ಲಿ ಮಸಾಲೆ ಅರೆದಿರುತ್ತದೆ. ಸಂಜೆ ಬರಿಗೈಯಲ್ಲಿ ಹಿಂತಿರುಗಿ ಅದೇ ಮಸಾಲೆಗೆ ಬಟಾಟೆ ಹಾಕಿಕೊಂಡು ಉಣ್ಣುತ್ತಾರೆ. "ಸಾವಕಾರ, ನಿಮ್ಮ ಗೆಳೆತನದಾಗ ನಾನೂ ಶರಣ ಆಗಾಕತ್ತೀನಿ" ಎಂದು ಅವರು ನಿಟ್ಟುಸಿರು ಬಿಟ್ಟದ್ದನ್ನು ನಾನೇ ಕೇಳಿದ್ದೇನೆ. ಗಾಳಿಯ ಕಾಟ ಬೇರೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಬೀಸಿದ ಕಪ್ಪೆ ನೀರಿಗೆ ಬೀಳುವುದಕ್ಕಿಂತ ಬಳ್ಳಾರಿ ಜಾಲಿಯ ಮುಳ್ಳಿಗೆ ಬೀಳುವುದೇ ಹೆಚ್ಚು. ಬಿಡಿಸಲು ಮಾಸ್ತರರೇ ಹತ್ತಬೇಕು.

ಇನ್ನು ನಿಜವಾಗಿ ಮೀನು ಹಿಡಿಯುವವರು. ಕೆರೆ ಖಾಲಿ ಬಿದ್ದ ನೀರಲ್ಲ. ದೊಡ್ಡವು ಇಲಾಖೆಯಿಂದ, ಸಣ್ಣವು ಪಂಚಾಯಿತಿಯಿಂದ ಗುತ್ತಿಗೆಗೆ ಹೋಗಿರುತ್ತವೆ. ಗುತ್ತಿಗೆ ಹಿಡಿಯುವುದು ಹಲವೆಡೆ ಮೀನುಗಾರರ ಸಹಕಾರ ಸಂಘ. ಮರಿ ಬಿಟ್ಟವರು ಅವರು, ಕಾದವರು ಅವರು. ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಬಲೆ ಬಿಡುವ ಈ ಜನ, ಸಾವಕಾರರ ರೀಲು, ಜಪಾನಿ ದಾರ, ಕಪ್ಪು ಕನ್ನಡಕಗಳನ್ನು ನೋಡಿ ನಗುವುದಿಲ್ಲ, ಪಾಪ ಎನ್ನುತ್ತಾರೆ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ್ದು ಇದೇ ಗದುಗಿನ ಪಕ್ಕದ ಕಣಗಿನಹಾಳದಲ್ಲಿ. ಅಂಥ ಸೀಮೆಯಲ್ಲಿ ಸಂಘದ ಕಣ್ಣು ತಪ್ಪಿಸಿ, ರಸೀದಿ ಇಲ್ಲದೆ, ಒಂದು ಮೀನೂ ನೀರಿನಿಂದ ಮೇಲೆ ಬರಲಾರದು.

ಈ ಸಲ ಯುಗಾದಿ ಮುಗಿದ ವಾರ, ಮುಂಡರಗಿ ಕಡೆಯ ಒಂದು ಕೆರೆಯಲ್ಲಿ ಆಗಬಾರದ್ದು ಆಗಿಹೋಯಿತು. ನೀರು ನಡುವಿಗೆ ಸರಿದಿತ್ತು. ಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದ ಹೊತ್ತಿಗೆ ಮನೆಯಿಂದ ಫೋನು. "ಮುಂಡರಗಿ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ, ಪಾರ್ಟಿ ಇನ್ನೂ ಬಂದಿಲ್ಲ" ಎಂದು ಸಾವಕಾರರು ಹೇಳುತ್ತಿರುವಾಗ, ಎಳೆಯದೆ ಬಿಟ್ಟ ಕಪ್ಪೆ ಸುಮ್ಮನೆ ತೇಲುತ್ತಿತ್ತು. ಅಷ್ಟರಲ್ಲಿ ನೀರು ಧಡಾರನೆ ಸಿಡಿಯಿತು.

"ಏನದು ಸಪ್ಪಳ?" ಎಂದಿತು ಫೋನು.

"ಬಸ್ಸು ಬಂತು" ಎಂದು ಕಟ್ ಮಾಡಿದರು. ಆಮೇಲೆ ಕಳ್ಳ ಮನೆ ಹೊಕ್ಕವರ ದನಿಯಲ್ಲಿ ಕೂಗಿದರು: "ಮಾಸ್ತರ, ಸಿಕ್ಕಬಿಟ್ಟೈತ್ರೀ!"

ದಾರ ಸಡಿಲ ಬಿಟ್ಟರು, ಮೀನು ಜಾರಲಿಲ್ಲ. ಕೋಲು ಅಲುಗಿಸಿದರು, ಮೀನು ಬಿಡಲಿಲ್ಲ. ಮುಳ್ಳಿಲ್ಲದ ಕೊಕ್ಕೆಯನ್ನು ಅದು ಹಟಕ್ಕೆ ಕಚ್ಚಿಕೊಂಡು, ತನ್ನ ಕಾಲ ಮೇಲೆ ತಾನೇ ನಡೆದು ಬಂದಷ್ಟು ಸಲೀಸಾಗಿ ದಂಡೆ ಸೇರಿತು. ಕೊರಮೀನಿಗೆ ಗಾಳಿಯಲ್ಲೂ ಉಸಿರು. ಸಾಯುವ ಅವಸರವೇನೂ ತೋರಲಿಲ್ಲ. ಹುಲ್ಲಿನ ಮೇಲೆ ಮಲಗಿ ಸಾವಕಾರರನ್ನೇ ನೋಡತೊಡಗಿತು.

"ನಾ ಹಿಡೀತೀನಿ, ಚೀಲ ತರ್ರಿ" ಎಂದರು ಮಾಸ್ತರರು.

"ಬಿಡಬೇಕ್ರಿ ಮಾಸ್ತರ. ರೇ ಸ್ಕಾಟ್ ಹೇಳ್ಯಾನ."

"ರೇ ಸ್ಕಾಟ್ ಏನು ನಮ್ಮ ಹೆಡ್‌ಮಾಸ್ತರನೇನು? ಮನ್ಯಾಗ ಮಸಾಲಿ ಅರದಾರ!"

ಈ ವಾದ ತೀರುವ ಮೊದಲೇ ಟ್ಯೂಬಿನ ಮೇಲಿಂದ ಸಂಘದ ಮುದುಕಪ್ಪ ಇಳಿದು ಬಂದ. ಕೈಯಲ್ಲಿ ತಕ್ಕಡಿ. ಮೀನನ್ನು ಎತ್ತಿದ, ತೂಗಿದ, ಒಂದೂಕಾಲು ಕಿಲೋ ಎಂದ. ಅಂದಿನ ದರ ಹೇಳಿದ.

"ನಾ ಒಯ್ಯಂಗಿಲ್ಲಪಾ, ನೀರಿಗೆ ಬಿಡತೀನಿ."

"ಬಿಡೋದು ನಿಮ್ಮ ಖುಷಿ ರೀ. ರೊಕ್ಕ ಕೊಟ್ಟ ಮ್ಯಾಲೆ ಮೀನ ನಿಮ್ಮದು. ಬಿಡ್ರಿ, ತಲಿಮ್ಯಾಲೆ ಹೊತಗೊಂಡು ಕುಣೀರಿ."

ವ್ಯಾಪಾರಿಯ ರಕ್ತ ಸುಮ್ಮನಿರುತ್ತದೆಯೆ? "ನಿನ್ನ ಕೆರಿ, ನಿನ್ನ ಮೀನ, ವಾಪಸ್ ನಿನಗ ಕೊಡಾಕತ್ತೀನಿ. ಅದಕ್ಕೂ ಪೂರಾ ರೇಟೇನು?" ಎಂದು ಚೌಕಾಸಿಗೆ ನಿಂತರು. ಮುದುಕಪ್ಪ ಹತ್ತು ರೂಪಾಯಿ ಇಳಿಸಿದ. ಸಾವಕಾರರು ರೊಕ್ಕ ಎಣಿಸಿದರು. ಮುಟ್ಟುವ ಧೈರ್ಯವಾಗದೆ ಬಿಡುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು. ಮುದುಕಪ್ಪ ಮೀನನ್ನು ದೂರ ಎಸೆಯಲಿಲ್ಲ. ಕೈಗೆಟುಕುವಷ್ಟರಲ್ಲೇ, ತನ್ನ ಬಲೆಯ ಈಚೆಗೆ, ಜೋಪಾನವಾಗಿ ಇಳಿಸಿದ.

"ಇಲ್ಲೇ ಇರತೈತಿ, ಎಲ್ಲೂ ಹೋಗಂಗಿಲ್ಲ. ನಾಳೆ ಬರ್ರಿ, ಮತ್ತ ಹಿಡೀರಿ" ಎಂದು ಧೈರ್ಯ ಹೇಳಿದ. ಮಾಸ್ತರರು ನೀರಿನ ಕಡೆ ಬೆನ್ನು ಮಾಡಿ ಕೂತಿದ್ದರು.

ಆಮೇಲೆ ಸೊಂಟದಿಂದ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಸರಿಪಡಿಸಿ, ಪೆನ್ನು ಝಾಡಿಸಿದ.

"ಬ್ಯಾಡ, ಬ್ಯಾಡ! ಮನ್ಯಾಗ ಅಂಗಿ ಒಗೀವಾಗ ಸಿಗತೈತಿ" ಎಂದು ಸಾವಕಾರರು ಹಿಂದೆ ಸರಿದರು.

"ಸಂಘದ ಲೆಕ್ಕ ರೀ, ಹರೀಲೇಬೇಕು. ಯಾರ ಹೆಸರು?"

"ಮಾಸ್ತರದು ಬರಿ."

"ಮಾಲು?"

ಸಾವಕಾರರು ಸುತ್ತಲೂ ನೋಡಿ, ದನಿ ತಗ್ಗಿಸಿ ಹೇಳಿದರು: "ಬದನಿಕಾಯಿ ಅಂತ ಬರಿ."