ಸುತ್ತಿಗೆ ಎತ್ತುವ ಮುನ್ನ ಓದಿಕೊಳ್ಳಿ

ಬೇಸಿಗೆಯಲ್ಲಿ ಕಲ್ಲು ಓದಲು ದಾಂಡೇಲಿ ಕಡೆ ಬಸ್ಸು ಹತ್ತಿದ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಕೈಪಿಡಿ. ಚೀಲದಲ್ಲಿ ಇರಬೇಕಾದ್ದು: ಸುತ್ತಿಗೆ, ಬ್ರಂಟನ್ ದಿಕ್ಸೂಚಿ, ಭೂತಗನ್ನಡಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ಡಿನ ಸಣ್ಣ ಬಾಟಲಿ, ಐದು ಜನರಿಗೆ ಒಂದು ಟೋಪೋಶೀಟ್. ಕಲ್ಲನ್ನು ನೀವೇ ಹುಡುಕಿಕೊಳ್ಳತಕ್ಕದ್ದು.

ಕಷ್ಟ ಇರುವುದೇ ಅಲ್ಲಿ. ಪುಸ್ತಕದ ಪ್ರಕಾರ ನಿಮ್ಮ ಕಾಲಡಿ 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲೆಗಳಿವೆ. (ಧಾರವಾಡ ಅಂದರೆ ಲೋಕಕ್ಕೆಲ್ಲ ಪೇಡೆ. ಆ ಹೆಸರನ್ನು ಕಲ್ಲಿಗೆ ಅಂಟಿಸಿದವರು 19ನೇ ಶತಮಾನದ ರಾಬರ್ಟ್ ಬ್ರೂಸ್ ಫೂಟ್.) ಕಣ್ಣಿಗೆ ಕಾಣುವುದು ಮಾತ್ರ ಒಣಗಿದ ಸಾಗುವಾನಿ ಎಲೆ, ಅದರಡಿ ಕೆಮ್ಮಣ್ಣು, ಅದರಡಿ ಚಿರೆಕಲ್ಲು. ಹಳಿಯಾಳ, ಮುಂಡಗೋಡದ ಬಯಲಲ್ಲಿ ಬಾವಿ ತೋಡಿದವರ ಹಿತ್ತಿಲಿನ ಕಲ್ಲುರಾಶಿಗೆ ಕೈಮುಗಿಯಿರಿ. ಜೋಯಿಡಾದಲ್ಲಿ ರಸ್ತೆಗೆಂದು ಕಡಿದ ಗುಡ್ಡವೇ ಗತಿ.

ದಿಕ್ಸೂಚಿಯ ಮುಳ್ಳು ದಿಕ್ಕುಗೆಟ್ಟರೆ ಅಂಗಡಿಯವನನ್ನು ಬೈಯಬೇಡಿ. ನೀವು ಕಬ್ಬಿಣದ ಅದಿರಿನ ಮೇಲೆ ನಿಂತಿದ್ದೀರಿ, ಇಲ್ಲವೇ ಸುತ್ತಿಗೆ ಹಿಡಿದ ಗೆಳೆಯ ಮೈಗೆ ಮೈ ತಾಗಿಸಿ ನಿಂತಿದ್ದಾನೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಸುತ್ತಿಗೆ ಹೊರತೆಗೆದರೆ ಗಾರ್ಡ್ ಬರುತ್ತಾರೆ, ಹುಲಿಗಿಂತ ಬೇಗ. ತರಗೆಲೆ ಮೇಲೆ ಕೂತು ಟಿಪ್ಪಣಿ ಬರೆಯಬೇಡಿ: ಉಣ್ಣಿ ಕಚ್ಚುತ್ತದೆ, ಮಂಗನ ಕಾಯಿಲೆ ತಮಾಷೆಯಲ್ಲ.

ಸುಣ್ಣಕಲ್ಲಿನ ಮೇಲೆ ಆಸಿಡ್ ಒಂದು ಹನಿ ಬಿಟ್ಟರೆ ಬುಸ್ ಎಂದು ನೊರೆ ಬರಬೇಕು. ಮೊದಲ ಸಲ ಎಲ್ಲರಿಗೂ ಮಕ್ಕಳಾಟವೇ. ಆಮೇಲೆ ಕಂಡಕಂಡದ್ದಕ್ಕೆಲ್ಲ ಹನಿಸುವ ಚಟ ಹತ್ತುತ್ತದೆ. ಕವಳಾ ಗುಹೆಯಲ್ಲಿ ಬಾಟಲಿ ಚೀಲದಲ್ಲೇ ಇರಲಿ. ಮೇಲಿಂದ ತೊಟ್ಟಿಕ್ಕಿದ ನೀರು ಬಿಟ್ಟುಹೋದ ಸುಣ್ಣವೇ ನೆಲದಿಂದೆದ್ದು ಅಲ್ಲಿ ಲಿಂಗವಾಗಿದೆ. ಶಿವರಾತ್ರಿಗೆ ಜನ ಬರುತ್ತಾರೆ. ದೇವರಿಗೆ ನೊರೆ ಬರಿಸಿ ಅಂಕ ಗಳಿಸುವುದು ಬೇಡ.

ಗಣೇಶಗುಡಿಯಲ್ಲಿ ಕಾಳಿ ನದಿಯ ಪಾತ್ರದ ಬಂಡೆಗಳು ಮೈತೊಳೆದು ಕೂತಿರುತ್ತವೆ. ಪದರ ಎತ್ತ ಚಾಚಿದೆ, ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಊರವರನ್ನು ಕೇಳದೆ ಇಳಿಯಬೇಡಿ. ಇಲ್ಲಿ ಹೊಳೆ ತುಂಬಲು ಮಳೆಯೇ ಬೇಕಿಲ್ಲ, ಮೇಲೆ ಸೂಪಾ ಅಣೆಕಟ್ಟಿನಲ್ಲಿ ಟರ್ಬೈನು ತಿರುಗಿದರೆ ಸಾಕು.

ಕೊನೆಯದು ನಕಾಶೆ. ಹಳ್ಳಿಯ ನಡುವೆ ಅದನ್ನು ಅಗಲವಾಗಿ ಬಿಡಿಸಬೇಡಿ. ಹಳಿಯಾಳದ ಚಹಾದಂಗಡಿಯಲ್ಲಾದರೆ "ಬಂಗಾರ ಸಿಕ್ತೇನ್ರೀ?" ಎಂದು ಕೇಳಿ ನಗುತ್ತಾರೆ, ಅಷ್ಟೇ. ಜೋಯಿಡಾದಲ್ಲಿ ನಗುವುದಿಲ್ಲ. 1987ರಲ್ಲಿ ಮುಗಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಡಿ ಸೂಪಾ ಪೇಟೆಯೇ ಇದೆ. ನಮ್ಮ ತಂಡದ ಕೈಗೆ ಸಿಕ್ಕಿದ್ದು ಅದಕ್ಕೂ ಹಿಂದಿನ ಹಾಳೆ. ಜಗಲಿಯ ಮೇಲಿದ್ದ ಅಜ್ಜ ಕನ್ನಡಕ ಏರಿಸಿ, ಹಾಳೆಯ ಮೇಲೆ ಬೆರಳಾಡಿಸಿ, ಸೂಪಾ ಎಂದು ಅಚ್ಚಾದ ಕಡೆ ನಿಲ್ಲಿಸಿದ.

"ಈ ಸಲ ಯಾವ ಊರು?"

"ಇಲ್ಲಜ್ಜ, ನಾವು ಕಾಲೇಜಿನವರು, ಕಲ್ಲು ನೋಡಲಿಕ್ಕೆ ಬಂದವರು."

"ಅವರೂ ಮೊದಲು ಕಲ್ಲೇ ನೋಡಿದ್ದು" ಎಂದು, ಒಳಗೆ ತಿರುಗಿ ನಮಗೆಲ್ಲ ಮುರುಗಲು ಪಾನಕ ತರಲು ಹೇಳಿದ.