ಮಿಸ್ಟರ್ ಶಿಕಾರಿಪುರ, ಮಿಸೆಸ್ ಸೊರಬ

ಪ್ಯಾನ್ ನಂಬರಿನ ಹತ್ತು ಅಕ್ಷರಗಳಿಗೂ ಒಂದೊಂದು ಕೆಲಸವಿದೆ. ನಾಲ್ಕನೆಯದು 'ಪಿ' ಆಗಿದ್ದರೆ ನೀವು ಮನುಷ್ಯರು, ಕಂಪನಿಯಲ್ಲ. ಐದನೆಯದು ನಿಮ್ಮ ಸರ್‌ನೇಮಿನ ಮೊದಲಕ್ಷರ. ನಮ್ಮ ಕಡೆಯವರಿಗೆ ತೊಡಕಾಗುವುದು ಇಲ್ಲೇ. ನಮಗೆಲ್ಲಿಯ ಸರ್‌ನೇಮು? ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿಗೆ, ಒಂದು ಅಪ್ಪನಿಗೆ. ಅರ್ಜಿಯಲ್ಲಿ ಮಾತ್ರ ಇನಿಷಿಯಲ್ ನಡೆಯುವುದಿಲ್ಲ, ಲಾಸ್ಟ್ ನೇಮ್ ಖಾಲಿ ಬಿಡುವಂತಿಲ್ಲ. ನನ್ನ ಅರ್ಜಿ ತುಂಬಿದ ಹುಡುಗ ಊರನ್ನೇ ಎತ್ತಿ ಕೊನೆಗೆ ಕೂರಿಸಿದ. ಹಾಗಾಗಿ ನನ್ನ ಐದನೇ ಅಕ್ಷರ ಎಸ್, ಶಿಕಾರಿಪುರದ ಎಸ್. ನನ್ನ ಹೆಂಡತಿಯದೂ ಎಸ್ಸೇ, ಆದರೆ ಅದು ಅವಳ ತವರು ಸೊರಬದ್ದು. ಮದುವೆಯಾದ ಮೇಲೆ ಬದಲಾಯಿಸಬಹುದಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಅಕ್ಷರ ಒಂದೇ ಅಲ್ವಾ, ಬದಲಾಯಿಸೋದು ಎಂತದು?" ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಈ ಎಸ್ ಬೀರುವಿನಲ್ಲಿ ಎಲ್ಐಸಿ ಬಾಂಡಿನ ಕೆಳಗೆ ತಣ್ಣಗೆ ಮಲಗಿತ್ತು. ಅದನ್ನು ಎಬ್ಬಿಸಿದ್ದು ಅಮೆರಿಕ.

ನಿವೃತ್ತನಾದ ಕನ್ನಡ ಮೇಷ್ಟರಿಗೆ ತಾಲ್ಲೂಕು ಕೇಂದ್ರದಲ್ಲಿ ಇರುವ ಉದ್ಯೋಗ ಎರಡೇ: ಸ್ವಾಗತ ಭಾಷಣ, ಇಲ್ಲದಿದ್ದರೆ ವಂದನಾರ್ಪಣೆ. ನಾನು ಎರಡನ್ನೂ ಮಾಡಿ ದಣಿದಿದ್ದಾಗ, ನ್ಯೂಜೆರ್ಸಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಸಾರ್, ನಮ್ಮ ಮಕ್ಕಳಿಗೆ ಅ ಆ ಇ ಈ ಹೇಳಿಕೊಡಿ" ಎಂದ. ಶುರುವಾಯಿತು. ಶನಿವಾರ ಅವರಿಗೆ ಬೆಳಿಗ್ಗೆ ಒಂಬತ್ತು, ನನಗೆ ಸಂಜೆ ಆರೂವರೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ; ಆಗ ನನ್ನ ಪಾಠ ಏಳೂವರೆಗೆ ಹೋಗುತ್ತದೆ, ಊಟ ಇನ್ನೂ ಆಚೆಗೆ. ಮಾರ್ಚಿನಲ್ಲಿ ಎಲ್ಲ ವಾಪಸ್. ಭೂಮಿ ದುಂಡಗಿದೆ ಎಂದು ಪಾಠ ಮಾಡಿದ್ದ ನನಗೆ ಅದು ನಿಜ ಅನ್ನಿಸಿದ್ದು ರಾತ್ರಿಯ ಸಾರು ತಣ್ಣಗಾಗತೊಡಗಿದ ಮೇಲೆ.

ಮಕ್ಕಳು ಚುರುಕು. ಮೂವತ್ತಾರು ವರ್ಷ ನನ್ನ ತರಗತಿಯಲ್ಲಿ ಯಾರೂ ಹೇಳದ ಮಾತನ್ನು ಏಳು ವರ್ಷದ ಹುಡುಗಿ ಮೊದಲ ದಿನವೇ ಹೇಳಿದಳು: "ಅಜ್ಜಾ, ಯು ಆರ್ ಆನ್ ಮ್ಯೂಟ್." ಳಕಾರ ಮಾತ್ರ ಅವರ ನಾಲಿಗೆಗೆ ಹತ್ತುವುದಿಲ್ಲ. ಬೇಸಿಗೆ ರಜೆಯಲ್ಲಿ ಏನು ಮಾಡಿದಿರಿ ಎಂದರೆ "ಹಲ್ಲಿಗೆ ಹೋಗಿದ್ವಿ" ಎನ್ನುತ್ತಾರೆ. ಹಳ್ಳಿಯಲ್ಲಿ ಹಲ್ಲಿಯೂ ಇತ್ತಂತೆ, ಆದ್ದರಿಂದ ಪೂರ್ತಿ ತಪ್ಪೆಂದು ಹೇಳುವಂತಿಲ್ಲ.

ಇಷ್ಟಾಗಿದ್ದರೆ ತೊಂದರೆಯಿರಲಿಲ್ಲ. ಪಾಠಗಳನ್ನು ರೆಕಾರ್ಡ್ ಮಾಡಿ ಕೋರ್ಸ್ ಥರ ಇಡಿ, ಬೇಕಾದವರು ದುಡ್ಡು ಕೊಟ್ಟು ನೋಡುತ್ತಾರೆ ಎಂದು ಆ ಶಿಷ್ಯನೇ ದಾರಿ ತೋರಿಸಿದ. ಇಟ್ಟೆ. ನಾಲ್ಕಾರು ಜನ ಕೊಂಡರು. ಕೋರ್ಸ್ ಮಾರುವ ಅಮೆರಿಕದ ಕಂಪನಿಯಿಂದ ಒಂದು ಮೇಲ್ ಬಂತು. "ಡಿಯರ್ ಮಿಸ್ಟರ್ ಶಿಕಾರಿಪುರ" ಎಂದು ಆರಂಭ. ಹುಚ್ಚರಾಯಸ್ವಾಮಿಯಿಂದ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಇಡೀ ಊರನ್ನು ಉದ್ದೇಶಿಸಿ ಬರೆದ ಹಾಗಿತ್ತು. ಒಕ್ಕಣೆ ಇಷ್ಟೇ: ನಿಮ್ಮ ತೆರಿಗೆ ನಂಬರ್ ಕೊಡಿ, ಇಲ್ಲವಾದರೆ ಅಮೆರಿಕದಿಂದ ಬಂದ ಹಣದಲ್ಲಿ 30 ಪರ್ಸೆಂಟ್ ಕತ್ತರಿಸುತ್ತೇವೆ.

ಹಿಂದೆ ಶಿಕಾರಿಪುರ ಹರಿಹರೇಶ್ವರ ಅವರು ಈ ಊರಿನ ಹೆಸರನ್ನು ಹೊತ್ತು ಅಮೆರಿಕಕ್ಕೆ ಹೋಗಿ 'ಅಮೆರಿಕನ್ನಡ' ಪತ್ರಿಕೆ ನಡೆಸಿ ಗೌರವ ತಂದರು. ನಾನು ಅದೇ ಹೆಸರನ್ನು ಅಲ್ಲಿ ಬಾಕಿದಾರರ ಪಟ್ಟಿಗೆ ಸೇರಿಸಿಬಿಡುತ್ತೇನೋ ಎಂಬ ಭಯ ಹತ್ತಿತು.

ಚಹದಂಗಡಿಯಲ್ಲಿ ವಿಷಯ ಬಾಯಿಬಿಟ್ಟೆ. ಅಡಿಕೆ ವ್ಯಾಪಾರದವರೊಬ್ಬರು, "ಮೂವತ್ತು ಪರ್ಸೆಂಟಾ? ಯಾರೂ ಕೇಳೋರಿಲ್ವಾ ಮಾರಾಯ್ರೇ" ಎಂದು ನನಗಿಂತ ಹೆಚ್ಚು ನೊಂದುಕೊಂಡರು. ಇನ್ನೊಬ್ಬರು ಕೋರ್ಸನ್ನೇ ಮಗಳ ಹೆಸರಿಗೆ ಮಾಡಿಸಿ ಎಂದರು. ತೋಟದ ಪಹಣಿ ಮಗಳ ಹೆಸರಿಗೆ ಮಾಡಿಸಿದ ಅನುಭವ ಅವರಿಗಿತ್ತು.

ಕೊನೆಗೆ ನಾನು ಹೋಗಿದ್ದು ಸೊರಬಕ್ಕೆ, ಭಾಮೈದನ ಹತ್ತಿರ. ಅವನದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪ್ಯಾನ್-ಆಧಾರ್ ಲಿಂಕ್, ಜೊತೆಗೆ ಲ್ಯಾಮಿನೇಷನ್. ಸರ್ಕಾರಕ್ಕೆ ಬೇಕಾದ ಯಾವ ಕಾಗದವೂ ಅವನ ಕೈಗೆ ಸಿಗದೆ ಹೋಗಿಲ್ಲ. ಸರ್ಕಾರ ಯಾವುದು ಎಂಬುದು ಅವನಿಗೆ ಮುಖ್ಯವಲ್ಲ. "ಭಾವ, ಇದಕ್ಕೆ ಇಐಎನ್ ಅಂತ ಬೇಕು. ಒಂಬತ್ತು ಅಂಕಿ. ಅಮೆರಿಕದ ಬಿಸಿನೆಸ್ ನಂಬರು" ಎಂದ. ರಾತ್ರಿಯಿಡೀ ವಿಡಿಯೊ ನೋಡಿ ತಯಾರಾಗಿದ್ದ. ಮೊದಲು ವಯೋಮಿಂಗ್ ಎಂಬ ರಾಜ್ಯದಲ್ಲಿ ನನ್ನ ಹೆಸರಿಗೊಂದು ಕಂಪನಿ ತೆರೆಯಬೇಕು, ಆಮೇಲೆ ನಂಬರ್, ಆಮೇಲೆ ಅಲ್ಲೇ ಬ್ಯಾಂಕ್ ಖಾತೆ. ಮಾಡಿಕೊಡುವ ಏಜೆಂಟರು ಕೆಲವು ನೂರು ಡಾಲರ್ ಕೇಳುತ್ತಾರೆ.

"ವಯೋಮಿಂಗ್ ಎಲ್ಲಿ ಬರುತ್ತೆ?" ಎಂದೆ.

"ಎಲ್ಲಾದರೂ ಬರ್ಲಿ ಭಾವ, ನಾವೇನು ಹೋಗ್ಬೇಕಾ?"

ಆದರೆ ಹುಡುಗ ಪ್ರಾಮಾಣಿಕ. ಅದೇ ವಿಡಿಯೊದ ಕೊನೆಯಲ್ಲಿ ಸಿಕ್ಕ ಎರಡು ಸಂಗತಿಗಳನ್ನು ಮುಚ್ಚಿಡಲಿಲ್ಲ. ಒಂದು, ಆ ನಂಬರಿಗೆ ಅಮೆರಿಕದ ತೆರಿಗೆ ಇಲಾಖೆ ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ. ಎಸ್ಎಸ್-4 ಎಂಬ ಫಾರಂ ತುಂಬಿದರೆ ಸಾಕು, ಹೊರದೇಶದವರು ಫೋನಿನಲ್ಲೂ ಕೇಳಬಹುದು. ಇನ್ನೊಂದು, ಹೊರದೇಶದವನೊಬ್ಬನೇ ಒಡೆಯನಾಗಿರುವ ಅಲ್ಲಿನ ಎಲ್ಎಲ್‌ಸಿ ಕಂಪನಿ, ಒಡೆಯನ ಜೊತೆಗಿನ ಲೇವಾದೇವಿಯನ್ನು ಪ್ರತಿವರ್ಷ 5472 ಎಂಬ ಫಾರಂನಲ್ಲಿ ತಿಳಿಸಬೇಕು, ತಪ್ಪಿದರೆ ದಂಡ 25,000 ಡಾಲರ್. ರೂಪಾಯಿಗೆ ತಿರುಗಿಸಿದರೆ ಇಪ್ಪತ್ತು ಲಕ್ಷಕ್ಕೂ ಮೇಲೆ. ಹಳ್ಳಿ ಹಲ್ಲಿ ಹೇಳಿಕೊಟ್ಟು ಅಷ್ಟು ದುಡಿಯಬೇಕೆಂದರೆ ನ್ಯೂಜೆರ್ಸಿಯಲ್ಲಿ ಕನ್ನಡಿಗರ ಜನಸಂಖ್ಯೆ ಏರಬೇಕು.

ಕಂಪನಿ ಬೇಡ, ಬರೀ ನಂಬರ್ ಸಾಕು ಎಂದು ತೀರ್ಮಾನವಾಯಿತು. ಫೋನ್ ಮಾಡುವ ಮೊದಲು ಒಂದು ರಿಹರ್ಸಲ್ ಆಗಲಿ ಎಂದ ಭಾಮೈದ. ಅವರ ಕಚೇರಿ ಅಲ್ಲಿ ಬೆಳಿಗ್ಗೆ ಆರಕ್ಕೆ ಫೋನ್ ಎತ್ತತೊಡಗಿದರೆ ನಮಗೆ ಮಧ್ಯಾಹ್ನ ಮೂರೂವರೆ, ಕಾಫಿಯ ಹೊತ್ತು. ಜಗಲಿಯ ಮೇಲೆ ಪಿಯುಸಿ ಓದುವ ಅವನ ಮಗಳು ಅಮೆರಿಕದ ಅಧಿಕಾರಿಯಾದಳು. ಮೂಗಿನಲ್ಲಿ ಇಂಗ್ಲಿಷ್ ಮಾತಾಡುತ್ತ ಫಾರಂ ನೋಡಿ ಒಂದೊಂದೇ ಪ್ರಶ್ನೆ ಹಾಕಿದಳು. ಅತ್ತೆ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಹೆಸರು? ಸ್ಪೆಲಿಂಗ್?"

"ಎಸ್..." ಎಂದೆ.

"ಎಸ್ ಫಾರ್?"

"ಶಿಕಾರಿಪುರ."

"ಎಸ್ ಫಾರ್ ಸೊರಬ ಅನ್ನಿ ಭಾವ, ಚಿಕ್ಕದು, ಅವರಿಗೆ ಬೇಗ ತಿಳಿಯುತ್ತೆ" ಎಂದು ಭಾಮೈದ ನಡುವೆ ಬಾಯಿ ಹಾಕಿದ. ಅಳಿಯನ ಊರನ್ನು ಮಾವನ ಮನೆಯವರು ಹೀಗೆ ತೆಗೆದುಹಾಕುವುದು ಹೊಸದೇನಲ್ಲ. ನಾನು ಪಟ್ಟು ಬಿಡಲಿಲ್ಲ.

ಮುಂದಿನ ಪ್ರಶ್ನೆ: ಬರುವ ಹನ್ನೆರಡು ತಿಂಗಳಲ್ಲಿ ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿರುತ್ತಾರೆ? ಇದು ಹುಡುಗಿ ಕಟ್ಟಿದ್ದಲ್ಲ, ಫಾರಂನಲ್ಲೇ ಇದೆ. ಮೂರು ಚೌಕ: ಕೃಷಿ ಕೆಲಸದವರು, ಮನೆಗೆಲಸದವರು, ಇತರರು.

ಕೃಷಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅತ್ತೆ ಅಡಕತ್ತರಿ ಕೆಳಗಿಟ್ಟರು. "ಕೊನೆಗೌಡ ಸಿಕ್ಕದೆ ಕೊಯ್ಲು ನಿಂತಿದೆ. ಅವರ ಕಡೆ ಯಾರಾದ್ರೂ ಇದ್ರೆ ಕಳಿಸೋಕೆ ಹೇಳು ಮಗಾ."

ರಿಹರ್ಸಲ್ ಅಲ್ಲಿಗೆ ಮುಗಿಯಿತು. ಫೋನ್ ಆಗಲಿಲ್ಲ. ಶಿವಮೊಗ್ಗದಲ್ಲಿ ಗೊತ್ತಿದ್ದ ಆಡಿಟರ್ ಒಬ್ಬರನ್ನು ಕೇಳಿಯೇ ಮುಂದುವರಿಯುವುದೆಂದು ಬಸ್ಸು ಹತ್ತಿದೆ.

ಸೊರಬದಿಂದ ಶಿಕಾರಿಪುರಕ್ಕೆ ಬರುವ ಬಸ್ಸು ಶಿರಾಳಕೊಪ್ಪದಲ್ಲಿ ಸುಮಾರು ಹೊತ್ತು ನಿಲ್ಲುತ್ತದೆ. ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿಯ ಕೋಡಿಮಠದ 1162ರ ಶಾಸನವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ನಾಲ್ಕು ವೇದ, ವ್ಯಾಕರಣ, ದರ್ಶನಗಳ ಪಾಠ, ದೀನರಿಗೆ ಊಟ, ರೋಗಿಗಳಿಗೆ ಮದ್ದು, ಎಲ್ಲ ಒಂದೇ ಮಠದಲ್ಲಿ. ಆ ಕಾಲದ ದತ್ತಿಗಳು ಬಹುಪಾಲು ಸರ್ವನಮಸ್ಯ, ಎಂದರೆ ಕರವಿಲ್ಲ. ಹಾಗೆಂದು ಕರವೇ ಇರಲಿಲ್ಲವೆಂದಲ್ಲ. ಪೆರ್ಜುಂಕ, ವಡ್ಡರಾವುಳ ಎಂದು ಅಂದಿನ ಬನವಾಸಿ ಪನ್ನಿಚ್ಛಾಸಿರ ಪ್ರಾಂತ್ಯದಲ್ಲಿ ಸುಂಕದ ಹೆಸರುಗಳೇ ಬಾಯಿ ತುಂಬುತ್ತವೆ. ಆದರೆ ಸುಂಕದ ಅಧಿಕಾರಿಗಳೇ ಮುಂದೆ ನಿಂತು ದೇವರಿಗೆ, ಮಠಕ್ಕೆ ಸುಂಕ ಬಿಟ್ಟುಕೊಟ್ಟ ಶಾಸನಗಳು ಈ ಸೀಮೆಯಲ್ಲಿವೆ. ಪಾಠ ಹೇಳಿಕೊಡುವವನನ್ನು ಕಂಡರೆ ತೆರಿಗೆಯವರು ಕೈಮುಗಿಯುತ್ತಿದ್ದ ಊರಿನಲ್ಲಿ ಕೂತು ನಾನು 30 ಪರ್ಸೆಂಟಿನ ಲೆಕ್ಕ ಹಾಕುತ್ತಿದ್ದೆ. ಇನ್ನು ತಾಳಗುಂದವೂ ಇದೇ ತಾಲ್ಲೂಕು. ಅಲ್ಲಿಂದ ಓದಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಆ ಸಿಟ್ಟಿಗೆ ಒಂದು ರಾಜ್ಯವನ್ನೇ ಕಟ್ಟಿದ. ನನ್ನ ವಯಸ್ಸಿಗೆ ಅದು ಆಗುವ ಮಾತಲ್ಲ. ಮಂಡಿನೋವು ಬೇರೆ.

ಆಡಿಟರ್ ಕೇಳಿದ ಮೊದಲ ಪ್ರಶ್ನೆಗೇ ನನಗೆ ತಲೆ ತಿರುಗಿತು. "ಪಾಠ ಲೈವಾ ಸಾರ್, ರೆಕಾರ್ಡಾ?"

"ಎರಡೂ."

"ಹಾಗಾದ್ರೆ ಎರಡು ಲೆಕ್ಕ" ಎಂದು ಅವರು ವಿವರಿಸಿದರು. ಲೈವ್ ಪಾಠವೆಂದರೆ ದುಡಿಮೆ. ದುಡಿಮೆ ಎಲ್ಲಿ ಕೂತು ಮಾಡಿದಿರೋ ಹಣ ಹುಟ್ಟಿದ್ದು ಅಲ್ಲಿ. ನೀವು ಶಿಕಾರಿಪುರದಲ್ಲಿ ಕೂತು ಮಾಡಿದ್ದೀರಿ, ಕೇಳಿದ ಮಗು ನ್ಯೂಜೆರ್ಸಿಯಲ್ಲಿದ್ದರೂ ಅಮೆರಿಕಕ್ಕೆ ಅದರಲ್ಲಿ ಪಾಲಿಲ್ಲ. ರೆಕಾರ್ಡ್ ಮಾಡಿದ ಪಾಠ ಹಾಗಲ್ಲ. ಕಂಪನಿ ಅದನ್ನು ರಾಯಲ್ಟಿ ಎಂದು ಹಿಡಿದಿದೆ. ಕೃತಿಯ ಹಕ್ಕು ಎಲ್ಲಿ ಬಳಕೆಯಾಯಿತೋ ಹಣ ಅಲ್ಲಿಯದು. ಅಲ್ಲಿ ಕೂತವರು ನೋಡಿದರೆ ಅಮೆರಿಕದ್ದು.

ಎಂದರೆ, ಎಚ್ಚರವಾಗಿ ಕೂತು ಪಾಠ ಮಾಡುವಾಗ ನಾನು ಶಿಕಾರಿಪುರದಲ್ಲಿರುತ್ತೇನೆ. ಹೊದ್ದು ಮಲಗಿದ ಮೇಲೆ ಅಮೆರಿಕದಲ್ಲಿ. ಜೀವಮಾನದಲ್ಲಿ ವೀಸಾಕ್ಕೆ ಅರ್ಜಿ ಹಾಕಿದವನಲ್ಲ, ಪ್ರತಿ ರಾತ್ರಿ ಅಲ್ಲಿಗೆ ಹೋಗಿ ದುಡಿದು ಬರುತ್ತಿದ್ದೇನೆ. ಹೆಂಡತಿಗೆ ಹೇಳಿದೆ. "ಅದಕ್ಕೇ ಗೊರಕೆ ಜಾಸ್ತಿಯಾಗಿದೆ" ಎಂದಳು.

ಮಲಗಿರುವ ಮೇಷ್ಟರ ಮೇಲೂ ಪೂರ್ತಿ 30 ಬೀಳಬೇಕಾಗಿಲ್ಲ. ಒಂದೇ ಹಣಕ್ಕೆ ಎರಡೂ ಕಡೆ ತೆರಿಗೆ ಬೀಳದ ಹಾಗೆ ಭಾರತ ಮತ್ತು ಅಮೆರಿಕ 1989ರ ಸೆಪ್ಟೆಂಬರ್ 12ರಂದು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿವೆ. ಅದರ 12ನೇ ವಿಧಿಯಂತೆ ಇಂಥ ರಾಯಲ್ಟಿಗೆ ಅಲ್ಲಿ 15 ಪರ್ಸೆಂಟ್ ಸಾಕು. ಅಲ್ಲಿ ಕತ್ತರಿಸಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಲು ಇನ್ನೊಂದು ಕಾಗದ. ಒಪ್ಪಂದ ಜಾರಿಗೆ ಬಂದದ್ದು 1990ರ ಡಿಸೆಂಬರ್ 18ಕ್ಕೆ. ಸೊರಬದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿ ಆಗ ಎರಡು ತಿಂಗಳಾಗಿತ್ತು. ಈ ಎರಡು ದಿನಾಂಕಗಳನ್ನು ಭಾಮೈದನಿಗೆ ಹೇಳಿದ್ದೇ ತಡ, ಆ ಒಪ್ಪಂದ ನಮ್ಮ ಸಾಹೇಬ್ರ ಕಾಲದ್ದು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದ. ಶಿಕಾರಿಪುರದವನಾಗಿ ಸುಮ್ಮನಿರಲಾದೀತೇ? ನಮ್ಮ ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡಿದ್ದಾರೆ ಎಂದೆ. ತೆರಿಗೆ ಒಪ್ಪಂದಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಈ ಎರಡು ತಾಲ್ಲೂಕುಗಳ ನಡುವಿನ ಮಾತು ಯಾವತ್ತೂ ಹೀಗೇ.

15 ಪರ್ಸೆಂಟನ್ನೇ ಹಿಡಿಯಿರಿ ಎಂದು ಕಂಪನಿಗೆ ಕೊಡಬೇಕಾದ ಫಾರಂ ಹೆಸರು ಡಬ್ಲ್ಯು-8ಬೆನ್. ಐದನೇ ಸಾಲಿನಲ್ಲಿ ಅಮೆರಿಕದ ನಂಬರ್, ಆರನೆಯದರಲ್ಲಿ ಫಾರಿನ್ ನಂಬರ್. "ಈ ಫಾರಿನ್ ನಂಬರನ್ನೇ ಅಲ್ವಾ ನಾನು ಹುಡುಕ್ತಿರೋದು" ಎಂದೆ. ಆಡಿಟರ್ ನಕ್ಕರು. "ಅವರಿಗೆ ಫಾರಿನ್ ಅಂದ್ರೆ ನಾವೇ ಸಾರ್. ನಿಮ್ಮ ಪ್ಯಾನ್ ಹಾಕಿ. ಐದನೇ ಸಾಲು ಖಾಲಿ ಬಿಡಿ." 2021ರ ಜೂನ್‌ನಿಂದ ಯೂಟ್ಯೂಬಿನವರು ಅಮೆರಿಕದ ವೀಕ್ಷಕರ ಲೆಕ್ಕದಲ್ಲಿ ಹೀಗೇ ಕತ್ತರಿಸಲು ಶುರುಮಾಡಿದಾಗ, ಹಲಸಿನ ಹಪ್ಪಳ ಮಾಡಿ ತೋರಿಸುವ ಹೆಂಗಸರೂ ಪ್ಯಾನ್ ಕೊಟ್ಟು ಇಂಥ ಮಾಹಿತಿ ತುಂಬಿ ಕೂತಿದ್ದಾರಂತೆ. ಜಿಎಸ್‌ಟಿಯೂ ಮಾಡಿಸಿಬಿಡೋಣ ಎಂದು ಭಾಮೈದ ಹಟ ಹಿಡಿದಿದ್ದ. ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ ಆ ಮಾತು ಎಂದು ಆಡಿಟರ್ ನನ್ನ ಕೋರ್ಸಿನ ವರಮಾನ ಕೇಳಿ, ಎರಡನೇ ಸಲ ನಕ್ಕರು. ಆ ನಗು ನನಗೆ ಅಷ್ಟು ಹಿಡಿಸಲಿಲ್ಲ.

ವಿಳಾಸದ್ದೊಂದು ರಗಳೆ ಉಳಿದಿತ್ತು. ಪೋಸ್ಟ್ ಬಾಕ್ಸ್ ಆಗುವುದಿಲ್ಲ, ಕೇರಾಫ್ ಆಗುವುದಿಲ್ಲ, ಮನೆಯ ಪೂರ್ತಿ ವಿಳಾಸ ಬೇಕು. ನಮ್ಮ ಮನೆಯ ವಿಳಾಸದಲ್ಲಿ 'ಹಿಂಭಾಗ' ತೆಗೆದರೆ ಉಳಿಯುವುದು ನಾನೊಬ್ಬನೇ. ಮೂವತ್ತು ವರ್ಷದಿಂದ ಅಂಚೆಯವನು ಬಂದದ್ದು ಆ ಹಿಂಭಾಗದ ಬಲದಿಂದಲೇ. ಕಂಪನಿಯ ಕಂಪ್ಯೂಟರ್ ಅದನ್ನು ನುಂಗಲಿಲ್ಲ. ಕೊನೆಗೆ ಪುರಸಭೆಯ ಕಂದಾಯದ ರಸೀದಿಯಿಂದ ಮನೆ ನಂಬರ್ ಹುಡುಕಿ ಬರೆದೆ. ಹುಟ್ಟಿದ ದಿನಕ್ಕಿಂತ ಮೊದಲು ತಿಂಗಳು ಬರೆಯಬೇಕು. ಸಹಿ ಹಾಕಿದ ವರ್ಷದ ಮುಂದಿನ ಮೂರನೇ ವರ್ಷದ ಡಿಸೆಂಬರ್ 31ರವರೆಗೆ ಫಾರಂ ಊರ್ಜಿತ. ಅಲ್ಲಿಯವರೆಗೆ ಅಮೆರಿಕದ ದೃಷ್ಟಿಯಲ್ಲಿ ನಾನು ಅಧಿಕೃತ ಪರದೇಶಿ.

ಹಣ ಬಂತು. ಬ್ಯಾಂಕಿನಿಂದ ಕರೆಯೂ ಬಂತು. ಹೊರದೇಶದ ಹಣ ಯಾತಕ್ಕೆ ಬಂತೆಂದು ಪರ್ಪಸ್ ಕೋಡ್ ಬರೆಯಬೇಕಂತೆ. ಕೌಂಟರಿನ ಹುಡುಗಿ ಹೊಸಬಳು, ಬಯಲುಸೀಮೆಯವಳು. "ಏನು ಎಕ್ಸ್‌ಪೋರ್ಟ್ ಮಾಡ್ತೀರಿ ಸಾರ್? ಶುಂಠಿನಾ, ಅಡಿಕೆನಾ?"

"ಒತ್ತಕ್ಷರ."

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಹುಡುಕಿ, "ಅದು ಇಲ್ಲ ಸಾರ್, ಶಿಕ್ಷಣ ಸೇವೆ ಅಂತ ಹಾಕ್ಲಾ?" ಎಂದಳು. ಹಾಕಮ್ಮ ಎಂದೆ.

ಈಗ ನನ್ನ ಹೆಂಡತಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಡುವ ಕೋರ್ಸ್ ಶುರುಮಾಡಿದ್ದಾಳೆ. ಮಿಡಿಯ ತೊಟ್ಟು ಎಷ್ಟುದ್ದ ಬಿಡಬೇಕು, ಸೊನೆ ಮುಟ್ಟಿದ ಕೈಯನ್ನು ಎಲ್ಲಿ ಒರೆಸಬಾರದು ಎನ್ನುವಲ್ಲಿಗೆ ಮೊದಲ ಪಾಠ ಮುಗಿಯುತ್ತದೆ. ನನ್ನ ಕೋರ್ಸಿಗಿಂತ ಚೆನ್ನಾಗಿ ಹೋಗುತ್ತಿದೆ. ಕಂಪನಿಯಿಂದ ಮೊನ್ನೆ "ಡಿಯರ್ ಮಿಸೆಸ್ ಸೊರಬ" ಎಂದು ಮೇಲ್ ಬಂದಾಗ ಭಾಮೈದನಿಗೆ ಆದ ಸಂತೋಷ ಹೇಳತೀರದು. ಪ್ಯಾನ್ ಸಾಕು ಕಣಯ್ಯಾ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ಹಳೆಯ ಎಸ್ಎಸ್-4 ಫಾರಂ ತೆಗೆದು ಅಕ್ಕನ ಎದುರು ಕೂತಿದ್ದಾನೆ.

"ಅಕ್ಕ, ಕೃಷಿ ಕೆಲಸದವರು ಎಷ್ಟು ಅಂತ ಬರೀಲಿ?"

"ಮಿಡಿ ಕೊಯ್ಯೋಕೆ ಮರ ಹತ್ತೋನು ಒಬ್ಬ" ಎಂದಳು ಅವಳು. "ಕೆಳಗೆ ನಿಂತು ಹಿಡಿಯೋಕೆ ನಿಮ್ಮ ಭಾವನ್ನ ಬರ್ಕೊ."